ಉಪ್ಪು ನೋಡದ ಅಡುಗೆ

ಕಳೆದ ವಾರ ಮಂಡ್ಯದ ಬಟ್ಟೆ ಅಂಗಡಿಯೊಂದರಲ್ಲಿ ಹೆಂಡತಿಯೊಡನೆ ಕುಳಿತಿದ್ದೆ. ದೀಪ ಹಚ್ಚುವ ಹೊತ್ತು. ಅಂಗಡಿಯವರು ಗಲ್ಲಾಪೆಟ್ಟಿಗೆಗೆ ಸಾಂಬ್ರಾಣಿಯ ಹೊಗೆ ತೋರಿಸಿ, ಧೂಪದ ಬಟ್ಟಲನ್ನು ನಮ್ಮ ಪಕ್ಕದಲ್ಲಿಯೇ ಇರಿಸಿ, ಕೆಂಪು ಅಂಚಿನ ಹಸಿರು ಸೀರೆಯೊಂದನ್ನು ಬಿಚ್ಚಿ ಹಾಸಿದರು. ಹೊಸ ಬಟ್ಟೆಯ ಗಂಜಿಯ ವಾಸನೆಯೂ ಸಾಂಬ್ರಾಣಿಯ ವಾಸನೆಯೂ ಬೆರೆತು ಮೂಗಿಗೆ ಬಡಿದ ಕ್ಷಣದಲ್ಲಿ ನಾನು ಸೀರೆಯನ್ನು ಆಚೆಗೆ ಸರಿಸಿದೆ. ಬೇರೆ ಬಣ್ಣ ತೋರಿಸಿ ಎಂದು ನಾನು ಕೇಳಿದ ಧ್ವನಿ ನನಗೇ ಅಪರಿಚಿತವಾಗಿತ್ತು. ಹೆಂಡತಿ ನನ್ನ ಮುಖ ನೋಡಿ, ಏನನ್ನೂ ಕೊಳ್ಳದೆ ಎದ್ದಳು. ದಾರಿಯುದ್ದಕ್ಕೂ ಆಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದರೂ ನಾನು ಉತ್ತರಿಸುತ್ತಿದ್ದೆನೋ ಇಲ್ಲವೋ… ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳವು. ಮಳವಳ್ಳಿ ಕಡೆಯ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿ, ನಮ್ಮ ವಂಶದಲ್ಲಿ ಮೊದಲ ಬಾರಿಗೆ ಪದವಿ ಪಡೆದವನು ನಾನು. ಈ ಮಾತನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮುಂದಿನ ಸಂಗತಿಗಳಲ್ಲಿ ನನ್ನ ನಡತೆ ಏಕೆ ಹಾಗಿತ್ತೆಂಬುದು ಓದುಗರಿಗೆ ತಿಳಿಯಲೆಂದು ಹೇಳುತ್ತಿದ್ದೇನೆ. ಮದ್ದೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ ದೊರೆತಿತ್ತು. ಮಾತಿನ ನಡುವೆ ಎಲ್ಲಿ ಹಳ್ಳಿಯ ನುಡಿ ನುಸುಳುವುದೋ, ಬರೆದ ಅರ್ಜಿಯಲ್ಲಿ ಎಲ್ಲಿ ತಪ್ಪು ಉಳಿಯುವುದೋ ಎಂಬ ಅಂಜಿಕೆ ನನ್ನನ್ನು ಒಂದು ಗಳಿಗೆಯೂ ಬಿಡುತ್ತಿರಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಕಲಿತಿದ್ದ ಆ ಎಚ್ಚರ, ಅಂಗಿಯ ಕಾಲರಿನಂತೆ, ಮನೆಯೊಳಗೂ ಕುತ್ತಿಗೆಯನ್ನು ಹಿಡಿದೇ ಇರುತ್ತಿತ್ತು.

ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಬೆಲ್ಲ ಮಾಡುವವರು. ಊರ ಹೊರಗೆ ಅವರದೇ ಆಲೆಮನೆ. ಸುತ್ತಮುತ್ತಲ ರೈತರು ಕಬ್ಬನ್ನು ಸಕ್ಕರೆ ಕಾರ್ಖಾನೆಗೆ ಸಾಗಿಸುತ್ತಿದ್ದ ಕಾಲದಲ್ಲಿಯೂ ಅವರು ಒಂದು ಜಲ್ಲೆಯನ್ನೂ ಕಳುಹಿಸಿದವರಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅವರು ಪಕ್ಕದಲ್ಲಿ ಮರದ ಮಣೆ ಹಾಕಿ ಕುಳಿತಿರುತ್ತಿದ್ದರು. ಒಂದು ಹನಿ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ನಾಲಿಗೆಯ ತುದಿಗೆ ತಾಕಿಸಿ, ಇಳಿಸಿ ಎನ್ನುವರು. ಅಷ್ಟೇ. ಅವರ ನಾಲಿಗೆ ಹೇಳಿದ್ದು ತಪ್ಪಿದ ದಿನವನ್ನು ಆಳುಗಳು ಯಾರೂ ನೋಡಿರಲಿಲ್ಲ. ಹಾಗೆಯೇ ಅವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡ ದಿನವನ್ನೂ ನೋಡಿರಲಿಲ್ಲ. ಯಜಮಾನರದು ಎತ್ತರದ ಮೈಕಟ್ಟು, ಒಣಗಿದ ಮುಖ. ಕೆನ್ನೆಯ ಮೇಲೆ ಎಳೆವಯಸ್ಸಿನಲ್ಲಿ ಪಾಕ ಸಿಡಿದ ಕಲೆ. ನಕ್ಕದ್ದು ನನಗೆ ನೆನಪಿಲ್ಲ.

ಆ ಮನೆಯಲ್ಲಿ ಒಂದು ವಿಚಿತ್ರವಿತ್ತು. ಶಿವನಸಮುದ್ರದಿಂದ ಬಂದ ಕರೆಂಟಿನ ತಂತಿ ಬೀದಿಯಲ್ಲಿ ಅವರ ಹೊಸ್ತಿಲಿನ ಮುಂದೆಯೇ ಹಾದುಹೋಗಿತ್ತು. ಅಕ್ಕಪಕ್ಕದ ಎರಡು ಮನೆಗಳಲ್ಲಿ ಬಲ್ಬು ಉರಿಯುತ್ತಿತ್ತು. ನಮ್ಮಲ್ಲಿ ಮಾತ್ರ ಸೀಮೆಎಣ್ಣೆಯ ಬುಡ್ಡಿ. ಯುದ್ಧದಿಂದಾಗಿ ಆ ಎಣ್ಣೆಯೂ ದುರ್ಲಭ. ಮಕ್ಕಳ ಉತ್ತರಪತ್ರಿಕೆಗಳನ್ನು ನಾನು ಸಂಜೆಯ ಬೆಳಕು ಆರುವುದರೊಳಗೆ ಜಗಲಿಯಲ್ಲಿ ಕುಳಿತು ತಿದ್ದಿ ಮುಗಿಸಬೇಕಾಗುತ್ತಿತ್ತು. ಕರೆಂಟು ಹಾಕಿಸಬಾರದೇ ಎಂದು ಒಮ್ಮೆ ವಿನಯದಿಂದ ಸೂಚಿಸಿದೆ. ಯಜಮಾನರು ತಂತಿಯನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಆಲೆಮನೆಗೆ ಹೋದರು.

ನಾನು ಬಾಡಿಗೆಗೆ ಬಂದ ವರ್ಷವೇ ಮಾಲಯ ಅಮಾವಾಸ್ಯೆಗೆ ಆ ಮನೆಯ ಪಕ್ಷದ ಹಬ್ಬವನ್ನು ನೋಡಿದೆ. ನಮ್ಮ ಮನೆಯಲ್ಲಿಯೂ ನಡೆಯುವ ಪದ್ಧತಿಯೇ. ತೀರಿಹೋದ ಹಿರಿಯರು ಆ ದಿನ ಮನೆಗೆ ಬರುತ್ತಾರೆಂದು ಒಬ್ಬೊಬ್ಬರಿಗೂ ಒಂದೊಂದು ಬಾಳೆಯೆಲೆ ಹಾಕಿ, ಅವರವರಿಗೆ ಪ್ರಿಯವಾದುದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕುವುದು. ಇದಕ್ಕೆ ಎಡೆ ಇಡುವುದೆನ್ನುತ್ತಾರೆ. ಎಡೆಯ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ, ಮೊದಲ ತುತ್ತು ಸತ್ತವರದು. ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ, ಅವರು ಉಣ್ಣುವಷ್ಟು ಹೊತ್ತು ಮಾತಿಲ್ಲದೆ ಕುಳಿತಿರಬೇಕು. ಅನಂತರ ಮನೆಯ ಹಿರಿಯನು ಮೂರು ಸಲ ಕೆಮ್ಮಿ, ತಾನು ಬರುತ್ತಿದ್ದೇನೆಂದು ತಿಳಿಸಿ, ಬಾಗಿಲು ತೆರೆಯಬೇಕು.

ಯಜಮಾನರ ಮನೆಯಲ್ಲಿ ಐದು ಎಲೆಗಳು. ಅಜ್ಜನ ಎಲೆಗೆ ಹೆಂಡ, ಅಪ್ಪನ ಎಲೆಗೆ ಬೀಡಿ, ಅವ್ವನ ಎಲೆಗೆ ಎಲೆಅಡಿಕೆ, ಅಣ್ಣನ ಎಲೆಗೆ ಕೋಳಿಯ ತೊಡೆ. ಕೊನೆಯ ಎಲೆಯ ಮುಂದೆ ಹಸಿರು ಸೀರೆ, ಒಂದು ಡಜನ್ ಗಾಜಿನ ಬಳೆ, ಮತ್ತು ಪಾಕ ಪೂರ್ತಿ ಏರುವ ಮೊದಲೇ ತೆಗೆದ ಮೆದುಬೆಲ್ಲದ ಒಂದು ಉಂಡೆ. ಅದು ಯಾರಿಗೆಂದು ಕೇಳಿದಾಗ ಯಜಮಾನರು ಮಗಳಿಗೆ ಎಂದರು.

ಮನೆಯಾಕೆಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಮರುದಿನ ಅವರು ಒಬ್ಬರೇ ಅಂಗಳ ಗುಡಿಸುತ್ತಿದ್ದಾಗ ಹತ್ತಿರ ಹೋಗಿ, ವಿದ್ಯಾವಂತನ ಕರ್ತವ್ಯವೆಂದು ಭಾವಿಸಿ, ಅಕಾಲದಲ್ಲಿ ಅಗಲಿದ ಮಕ್ಕಳಿಗಾಗಿ ಕೊರಗಬಾರದು, ಆತ್ಮಕ್ಕೆ ಶಾಂತಿ ದೊರೆಯಲಿ ಎಂದು ಪ್ರಾರ್ಥಿಸಬೇಕು ಎಂದೆಲ್ಲ ಸಮಾಧಾನ ಹೇಳಿದೆ. ಅಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದರು.

“ನಿಮ್ ಬಾಯಿಂದ ಆ ಮಾತು ಬ್ಯಾಡ ಬುಡಿ ಮೇಸ್ಟ್ರೇ” ಎಂದರು.

ಪುತ್ರಿಶೋಕ ಎಂದುಕೊಂಡೆ.

ಮರುವರ್ಷ ಬಟ್ಟೆಗೆ ಚೀಟಿ ಬಂದಿತು. ಅಂಗಡಿಯಲ್ಲಿ ಕೇಳಿದಷ್ಟು ಬಟ್ಟೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಎಷ್ಟು ಜನರೆಂದು ಬರೆದು ಕೊಟ್ಟರೆ ಅದಕ್ಕೆ ತಕ್ಕಂತೆ. ಯಜಮಾನರು ಅರ್ಜಿಯ ಕಾಗದವನ್ನು ತಂದು ನನ್ನ ಮುಂದಿಟ್ಟರು. ನಾನು ಮಸಿಗೆ ಲೇಖನಿ ಅದ್ದಿ ಅವರ ಹೆಸರನ್ನೂ ಅಮ್ಮನ ಹೆಸರನ್ನೂ ಬರೆದು, ಇಬ್ಬರು ಎಂದು ಬರೆಯಹೊರಟೆ. ಯಜಮಾನರು ಮೂರು ಎಂದರು. ನನ್ನ ಚೀಟಿ ಬೇರೆ, ನನ್ನನ್ನು ಇಲ್ಲಿ ಸೇರಿಸುವಂತಿಲ್ಲ ಎಂದು ವಿವರಿಸಿದೆ.

“ನಿಮ್ಮನ್ನಲ್ಲ ಕಣಿ. ಮಗ್ಳು.”

ಸರ್ಕಾರಕ್ಕೆ ಸುಳ್ಳು ಬರೆದುಕೊಟ್ಟರೆ, ಅಕ್ಷರ ನನ್ನದೆಂದು ಗೊತ್ತಾದರೆ, ಇನ್ನೂ ಕಾಯಂ ಆಗದ ನನ್ನ ಕೆಲಸದ ಗತಿಯೇನು? ತೀರಿಹೋದವರ ಹೆಸರನ್ನು ಬರೆಯುವುದು ಅಪರಾಧವಾಗುತ್ತದೆ, ದಯವಿಟ್ಟು ತಪ್ಪು ತಿಳಿಯಬಾರದು ಎಂದು, ನನಗೆ ಬರುವಷ್ಟು ಮೃದುವಾದ ಕನ್ನಡದಲ್ಲಿ ಹೇಳಿದೆ. ಯಜಮಾನರು ಕಾಗದವನ್ನು ಮತ್ತೆ ನನ್ನ ಕಡೆಗೆ ಸರಿಸಿದರು. ಆಗ ಅಡುಗೆಮನೆಯ ಬಾಗಿಲಿಂದ ಅಮ್ಮನ ಧ್ವನಿ ಬಂದಿತು.

“ಬರೀರಿ ಮೇಸ್ಟ್ರೇ. ಅದು ಸುಳ್ಳಲ್ಲ. ಸಿವನಸಮುದ್ರದಲ್ಲಿ ಬದುಕವ್ಳೆ.”

ಲೇಖನಿಯಿಂದ ಮಸಿಯ ತೊಟ್ಟೊಂದು ಅರ್ಜಿಯ ಮೇಲೆ ಬಿದ್ದಿತು. ಅದನ್ನು ಒರೆಸಬೇಕೆಂದೂ ನನಗೆ ತೋಚಲಿಲ್ಲ. ಕಳೆದ ವರ್ಷ ಈ ಕಣ್ಣುಗಳಿಂದಲೇ ನೋಡಿದ್ದ ಐದನೆಯ ಎಲೆ, ಅದರ ಮುಂದಿನ ಬಳೆ, ಧೂಪದ ಹೊಗೆ… ಬದುಕಿರುವ ಮಗಳಿಗೆ! ಯಾರ ಮುಖವನ್ನೂ ನೋಡಲಾಗದೆ, ಮೂರು ಎಂದು ಬರೆದು ಕೊಟ್ಟೆ. ಬೇರೆ ಊರಲ್ಲಿ ಸಂಸಾರ ಹೂಡಿದವಳ ಹೆಸರನ್ನು ಇಲ್ಲಿ ಬರೆಯುವುದೂ ತಪ್ಪೇ ಎಂಬುದು ಹೊಳೆದದ್ದು ಎಷ್ಟೋ ವರ್ಷಗಳ ಅನಂತರ.

ಉಳಿದುದನ್ನು ಅಮ್ಮ ಬಿಡಿಬಿಡಿಯಾಗಿ, ರಾಗಿ ಕೇರುತ್ತ, ನೀರು ಸೇದುತ್ತ ಹೇಳಿದರು. ಆರು ವರ್ಷಗಳ ಹಿಂದೆ, ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಏರಿಸಿದ ವರ್ಷ, ಬೀದಿಗೆ ಕರೆಂಟಿನ ಕಂಬ ನೆಡಲು ಬಂದ ತಂಡದಲ್ಲಿ ಒಬ್ಬ ಹುಡುಗನಿದ್ದನಂತೆ, ಬೇರೆ ಜಾತಿಯವನು. ಕುಡಿಯಲು ನೀರು ಕೇಳಿದನಂತೆ. ಕಂಬಗಳು ಮುಂದಿನ ಬೀದಿಗೆ ಹೋದ ಮೇಲೂ ಅವನಿಗೆ ಬಾಯಾರಿಕೆ ಇದೇ ಮನೆಯ ಮುಂದೆ ಆಗುತ್ತಿತ್ತಂತೆ. ಇದನ್ನು ಹೇಳುವಾಗ ಅಮ್ಮನ ತುಟಿಯಂಚಿನಲ್ಲಿ ಒಂದು ನಗೆ ಬಂದು ಹೋಯಿತು. ಮಗಳು ಅವನೊಡನೆ ಹೋಗಿ ಮದುವೆಯಾದಳು. ಯಜಮಾನರು, ನನ್ನ ಪಾಲಿಗೆ ಅವಳು ಸತ್ತಳು ಎಂದರು. ಕೋಪದಲ್ಲಿ ಯಾವ ತಂದೆಯಾದರೂ ಆಡಬಹುದಾದ ಮಾತು. ಆದರೆ ಆ ವರ್ಷದ ಅಮಾವಾಸ್ಯೆಗೆ ಅವರು ಐದನೆಯ ಎಲೆಯನ್ನು ಹಾಕಿದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದ ಮನುಷ್ಯ.

ಅಮ್ಮನ ಭಯ ಬೇರೆಯದೇ ಆಗಿತ್ತು. ಬದುಕಿದ್ದವರಿಗೆ ಎಡೆ ಇಟ್ಟರೆ ಆಯುಸ್ಸು ಸವೆಯುತ್ತದೆ ಎಂದು ಅವರು ನಂಬಿದ್ದರು. ಮಗಳಿಗೆ ಹುಟ್ಟಿದ ಎರಡು ಮಕ್ಕಳೂ ಉಳಿದಿರಲಿಲ್ಲ. ಈಗ ಮೂರನೆಯ ಬಸಿರು, ಆರು ತಿಂಗಳು. ಮಳವಳ್ಳಿ ಸಂತೆಗೆ ಹೋದವರು ಸುದ್ದಿ ತಂದಿದ್ದರು. ಪ್ರತಿವರ್ಷವೂ ಹಬ್ಬದ ಮರುದಿನದಿಂದ, ಶಿವನಸಮುದ್ರದ ಕಡೆಯಿಂದ ಯಾರಾದರೂ ಬಂದು ಅವಳು ಚೆನ್ನಾಗಿದ್ದಾಳೆ ಎನ್ನುವವರೆಗೆ, ಆ ತಾಯಿಗೆ ಅನ್ನ ಇಳಿಯುತ್ತಿರಲಿಲ್ಲ. ಈ ವರ್ಷ ಆ ಎಲೆಯನ್ನು ಹಾಕಬೇಡಿ ಎಂದು ಯಜಮಾನರ ಕಾಲು ಹಿಡಿದದ್ದೂ ಆಗಿತ್ತು. ಚೀಟಿಯ ಮೇಲೆ ಸೀರೆ ಬಂದೇ ಬಂದಿತು, ಪೆಟ್ಟಿಗೆ ಸೇರಿತು.

ಆ ದಿನಗಳಲ್ಲಿಯೇ ನಮ್ಮ ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು, ನನ್ನ ಪಾಠವನ್ನು ಕೇಳುವವರಿದ್ದರು. ಇಂಗ್ಲಿಷ್ ವಾಚಕದಲ್ಲಿ ಪರದೇಶದ ಕಥೆಯೊಂದಿತ್ತು. ಯಾರಿಗೂ ಮರುಗದ ಒಬ್ಬ ಮನುಷ್ಯ; ಅವರ ದೊಡ್ಡ ಹಬ್ಬದ ಹಿಂದಿನ ದಿನ ಅವನ ಮನೆಗೆ ಒಂದರ ಹಿಂದೆ ಒಂದು ಪ್ರೇತಗಳು ಬರುತ್ತವೆ; ಹಬ್ಬದ ಬೆಳಗ್ಗೆ ಅವನು ಬೇರೆಯೇ ಮನುಷ್ಯನಾಗಿ ಏಳುತ್ತಾನೆ. ಈ ಕಥೆಯಲ್ಲಿ ಪ್ರೇತಗಳ ಪಾತ್ರವೇನು ಎಂಬುದು ಪಾಠದ ಕೊನೆಯ ಪ್ರಶ್ನೆ. ನಾನು ಮಕ್ಕಳಿಗೆ ಅದನ್ನು ಓದಿ ಹೇಳಿದಾಗ, ಅವಕ್ಕೆ ಯಾರು ಸಾ ಎಡೆ ಇಕ್ಕಿದ್ದು ಎಂದು ಹಿಂದಿನ ಬೆಂಚಿನವನು ಕೇಳಿದ. ತರಗತಿ ನಗಲಿಲ್ಲ, ಅವರಿಗೂ ಅದೇ ಸಂಶಯ. ಇನ್ಸ್‌ಪೆಕ್ಟರ ಮುಂದೆ ಈ ಪ್ರಶ್ನೆ ಬಂದರೆ ಏನು ಮಾಡುವುದೆಂಬ ಚಿಂತೆಯಿಂದ ಸಂಜೆ ಜಗಲಿಯಲ್ಲಿ ಕುಳಿತು ಉತ್ತರವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಯಜಮಾನರು ಬಂದು ಪಕ್ಕದಲ್ಲಿ ಕುಳಿತು ಏನದು ಎಂದರು. ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಯಾರ ಮುಂದೆ ಯಾವ ಕಥೆಯನ್ನು ಹೇಳುತ್ತಿದ್ದೇನೆಂಬುದು ಅರ್ಧ ದಾರಿಯಲ್ಲಿ ಅರಿವಾಗಿತ್ತು.

ಅವರು ಕೊನೆಯವರೆಗೂ ಕೇಳಿದರು. ಕರೆಯದೆ ಯಾಕೆ ಬಂದವು ಎಂದರು. ತೋರಿಸಲು ಬಂದವು ಎಂದೆ. ಏನನ್ನು ಎಂದರು. ಅವನದೇ ಬಾಳನ್ನು, ಅವನು ನಡೆದುಕೊಂಡ ರೀತಿಯನ್ನು ಎಂದೆ.

“ಅವನ್ಗೆ ಗೊತ್ತಿಲ್ದೆ ಇರೋದ ಏನಾರ ತೋರುಸ್ದವಾ?”

ನಾನು ಯೋಚಿಸಿದೆ. ನಿಜ ಹೇಳಬೇಕೆಂದರೆ, ಬಹುಪಾಲು ಅವನಿಗೆ ಗೊತ್ತಿದ್ದುದೇ. ಹಾಗೆಂದೆ.

“ಅಂಗಾರೆ ಅದ್ಕೆ ದೆವ್ವ ಯಾಕ್ ಬೇಕಾಗಿತ್ತು? ಮನೇಲಿರೋ ಯೆಂಡ್ತಿ ಯೇಳಿದ್ರೆ ಸಾಲ್ದಾಗಿತ್ತಾ?”

ಒಳಗಿನಿಂದ ಉತ್ತರ ಬಂದಿತು. “ಯೆಂಡ್ತಿ ಆರು ವರ್ಸದಿಂದ ಯೇಳ್ತಾನೇ ಅವ್ಳೆ.”

ಯಜಮಾನರು ಹೆಗಲ ಟವೆಲನ್ನು ಕೊಡವಿಕೊಂಡು ಎದ್ದರು. ಪ್ರೇತಗಳ ಪಾತ್ರದ ಬಗ್ಗೆ ನಾನು ಎರಡು ಪುಟ ಟಿಪ್ಪಣಿ ಬರೆದಿದ್ದೆ. ಅಮ್ಮನ ಒಂದು ಸಾಲಿನ ಮುಂದೆ ಅದು ನಿಲ್ಲಲಿಲ್ಲ. ಹತ್ತಿರದವರು ಹೇಳಿದಾಗ ಕೇಳದ ಕಿವಿಗೆ, ಹೇಳಲು ಸತ್ತವರೇ ಬರಬೇಕಾಗುತ್ತದೆ.

ಎರಡು ದಿನಗಳ ಅನಂತರ ಯಜಮಾನರು ಆಲೆಮನೆಗೆ ಹೋದ ಹೊತ್ತು ನೋಡಿ ಅಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಮಗಳಿಗೊಂದು ಕಾಗದ ಬರೆಯಬೇಕು ಎಂದರು. ಅಮಾವಾಸ್ಯೆಯ ದಿನ ಬಸ್ಸಿಗೆ ಬಾ; ಹೊತ್ತು ಇಳಿಯುವ ಮುಂಚೆ ಹಿತ್ತಲ ಬಣವೆಯ ಹತ್ತಿರ ಇರು; ಇಷ್ಟೇ ಒಕ್ಕಣೆ. ತಾಯಿಗೆ ಮಗಳ ಮುಖ ನೋಡುವ ಆಸೆ, ಹಬ್ಬದ ಗದ್ದಲದಲ್ಲಿ ಕದ್ದು ನೋಡುತ್ತಾರೆ ಎಂದು ನಾನು ತಿಳಿದೆ. ಯಜಮಾನರಿಗೆ ಗೊತ್ತಾದರೆ ನನ್ನ ಪೆಟ್ಟಿಗೆ ಬೀದಿಗೆ ಬೀಳುವುದು ಖಂಡಿತ. ಆದರೂ ಬರೆದೆ. ಚಿರಂಜೀವಿ ಸೌಭಾಗ್ಯವತಿ ಎಂದು ತಲೆಬರಹ ಹಾಕಲು ಹೋದಾಗ ಅಮ್ಮ ತಡೆದು, ಚಿರಂಜೀವಿ ಸಾಕು, ಅದನ್ನು ದೊಡ್ಡದಾಗಿ ಬರೆಯಿರಿ ಎಂದರು.

ಅಮಾವಾಸ್ಯೆಯ ದಿನ ಸೋಮನಹಳ್ಳಿಯಿಂದ ಯಜಮಾನರ ತಮ್ಮ ಬಂದಿದ್ದರು. ಹೊರಗಿನವರೆಂದರೆ ಅವರು, ನಾನು. ಬಿಸಿಲು ಇನ್ನೂ ಮಾಡಿನ ಹೆಂಚಿನ ಮೇಲಿತ್ತು. ಐದು ಎಲೆಗಳನ್ನು ಹಾಸಿದರು. ಯಜಮಾನರು ಐದನೆಯದರ ಮುಂದೆ ಸೀರೆ ಇಟ್ಟು, ಅದರ ಮಡಿಕೆಯನ್ನು ಒಮ್ಮೆ ಸರಿಪಡಿಸಿ, ಬೆಳಗ್ಗೆ ತಾವೇ ಕೊಪ್ಪರಿಗೆಯಿಂದ ತೆಗೆದಿದ್ದ ಮೆದುಬೆಲ್ಲವನ್ನು ಎಲೆಯ ಬದಿಗೆ ಇಟ್ಟರು. ಮಗಳು ಸತ್ತಳೆಂದ ಮನುಷ್ಯನಿಗೆ ಅವಳು ಬೆಲ್ಲವನ್ನು ಯಾವ ಹದದಲ್ಲಿ ತಿನ್ನುತ್ತಿದ್ದಳೆಂಬುದು ನೆನಪಿತ್ತು. ಕೆಂಡಕ್ಕೆ ಸಾಂಬ್ರಾಣಿ ಬಿದ್ದು ಕೋಣೆ ಹೊಗೆಯಿಂದ ತುಂಬಿತು. ಎಲ್ಲರೂ ಹೊರಬಂದೆವು. ಅಮ್ಮ ಕೊನೆಯವರು. ಬಾಗಿಲು ಮುಚ್ಚಿ ಜಗಲಿಯಲ್ಲಿ ಸಾಲಾಗಿ ಕುಳಿತೆವು.

ಸ್ವಲ್ಪ ಹೊತ್ತಾಗಿರಬಹುದು. ಒಳಗೆ ಬಳೆಯ ಸದ್ದಾಯಿತು.

ಮೊದಲು ಅಮ್ಮನ ಕೈಯನ್ನು ನೋಡಿದೆ. ಅವರ ಎರಡು ಕೈಗಳೂ ಸೆರಗಿನೊಳಗೆ, ಕದಲದೆ ಇದ್ದವು. ಮತ್ತೆ ಸದ್ದಾಯಿತು, ಈ ಸಲ ಬಾಳೆಯೆಲೆ ಸರಿದ ಸದ್ದು. ಪದವೀಧರನಾದ ನನ್ನ ಮೈಯ ರೋಮಗಳು ನೆಟ್ಟಗಾದವು ಎಂಬುದನ್ನು ಮುಚ್ಚಿಡಲಾರೆ. ಕಾಗದ ಬರೆದವನು ನಾನೇ. ಆದರೂ ಆ ಗಳಿಗೆಯಲ್ಲಿ ನನಗೆ ಕಾಗದ ನೆನಪಾಗಲಿಲ್ಲ. ಯಜಮಾನರ ತಮ್ಮ ನನ್ನ ತೋಳನ್ನು ಹಿಡಿದುಕೊಂಡರು. ಅವರ ಉಗುರು ನನ್ನ ಅಂಗಿಯ ಮೇಲಿಂದಲೂ ನಾಟಿತು.

“ಅಣ್ಣ” ಎಂದರು ಪಿಸುಗುಟ್ಟಿ, “ಯಾರೋ ಬಂದವ್ರೆ ಕಣಣ್ಣ.”

ಯಜಮಾನರು ಎದ್ದರು. ಮೂರು ಸಲ ಕೆಮ್ಮಬೇಕಾದವರು ಎರಡು ಸಲ ಕೆಮ್ಮಿದರು; ಮೂರನೆಯದನ್ನು ಮರೆತರು. ಬಾಗಿಲನ್ನು ತಳ್ಳಿದರು.

ಹೊಗೆಯ ಆಚೆ, ಐದನೆಯ ಎಲೆಯ ಮುಂದೆ ಹೆಂಗಸೊಬ್ಬಳು ಕುಳಿತಿದ್ದಳು. ಹಸಿರು ಸೀರೆಯನ್ನು ಮಡಿಕೆ ಬಿಚ್ಚದೆಯೇ ಹೆಗಲಿಗೆ ಹಾಕಿಕೊಂಡಿದ್ದಳು. ಕೈತುಂಬ ಎಲೆಯ ಮುಂದಿದ್ದ ಬಳೆಗಳು. ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು. ಸತ್ತವರ ಸಾಲಿನಲ್ಲಿ, ಅಜ್ಜ, ಅಪ್ಪ, ಅವ್ವ, ಅಣ್ಣ ಎಂಬ ನಾಲ್ಕು ಖಾಲಿ ಜಾಗಗಳ ಪಕ್ಕದಲ್ಲಿ ಅವಳೊಬ್ಬಳ ಕೈ ಬಾಯಿಗೆ ಹೋಗುತ್ತಿತ್ತು. ಯಜಮಾನರ ತಮ್ಮ ಜಗಲಿಯಿಂದ ಬೀದಿಗೆ ಹಾರಿದರು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತೆ.

ಯಜಮಾನರು ಓಡಲಿಲ್ಲ. ಗದರಲಿಲ್ಲ. ಒಂದು ಹೆಜ್ಜೆ ಒಳಗಿಟ್ಟು, ಗೋಡೆಯನ್ನು ಹಿಡಿದು, ನೆಲಕ್ಕೆ ಕುಸಿದು ಕುಳಿತರು.

“ಯಾವಾಗ ತೀರ್ಕಂಡೆ ಮಗ?” ಎಂದರು. “ನಂಗ್ಯಾರೂ ಯೇಳ್ನಿಲ್ವಲ್ಲ…”

ಆ ಧ್ವನಿಯನ್ನು ನಾನು ಬರಹಕ್ಕೆ ಇಳಿಸಲಾರೆ. ಆರು ವರ್ಷ ತಾವೇ ಅವಳು ಸತ್ತಳೆಂದು ಸಾರಿದವರು, ನಿಜವಾಗಿಯೂ ಸತ್ತಳೆಂದು ನಂಬಿದ ಧ್ವನಿ ಅದು. ತನ್ನ ಎಡೆಯೇ ಅವಳನ್ನು ಎಳೆದು ತಂದಿತೆಂದು ತಿಳಿದ ತಂದೆಯ ಧ್ವನಿ.

ಅವಳು ತುತ್ತನ್ನು ನುಂಗಿದಳು. ತಲೆ ಎತ್ತಿದಳು. ಅವಳೂ ನಡುಗುತ್ತಿದ್ದಳೆಂದು ನನಗೆ ಆಗ ಕಂಡಿತು; ಬಳೆಗಳು ಅದಕ್ಕಾಗಿಯೇ ಸದ್ದು ಮಾಡಿದ್ದವು.

“ತೀರ್ಕಂಡಿಲ್ಲ ಕಣಪ್ಪ. ವರ್ಸಾ ವರ್ಸಾ ಎಲೆ ಆಕಿ ಕರೀತಿದ್ಯಂತೆ. ಈ ವರ್ಸ ಬಂದಿವ್ನಿ” ಎಂದಳು. ಆಮೇಲೆ ಎಲೆಯನ್ನು ನೋಡಿ, “ಸಾರ್ಗೆ ವಸಿ ಉಪ್ಪು ಕಮ್ಮಿ ಆಗದೆ” ಎಂದಳು.

ಆ ಮನೆಯಲ್ಲಿ ಎಷ್ಟೋ ತಲೆಮಾರುಗಳಿಂದ ಎಡೆ ಇಟ್ಟಿದ್ದಾರೆ. ಉಣ್ಣಲು ಬಂದವರು ಯಾರೂ ಅಡುಗೆಯ ಬಗ್ಗೆ ಒಂದು ಮಾತು ಆಡಿದವರಲ್ಲ. ಯಜಮಾನರು ಅವಳನ್ನು ನೋಡುತ್ತಲೇ ಇದ್ದರು. ಅನಂತರ ಗೋಡೆ ಹಿಡಿದು ಎದ್ದು, ಅಡುಗೆಮನೆಗೆ ಹೋಗಿ, ಮಡಕೆಯಿಂದ ಹಿಡಿ ಕಲ್ಲುಪ್ಪು ತಂದರು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮ ಕಡೆ ಹೇಳುವುದುಂಟು. ಅಷ್ಟು ಗಾಬರಿಯಲ್ಲಿಯೂ ಅವರು ಅದನ್ನು ಮರೆಯದೆ, ಬಗ್ಗಿ, ಎಲೆಯ ತುದಿಯಲ್ಲಿ ಹಾಕಿದರು. ಹಿಡಿಯಷ್ಟನ್ನೂ ಹಾಕಿದರು. ಪಾಕದ ಹನಿಯಲ್ಲಿ ಹದ ಅಳೆಯುತ್ತಿದ್ದ ಬೆರಳುಗಳು ಅವು.

“ಎದ್ದು ಬಾ” ಎಂದರು. “ಆ ಸಾಲಲ್ಲಿ ಕೂತ್ಕಬ್ಯಾಡ ಮಗ. ಈಚೆ ಬಾ, ನಮ್ ಸಾಲ್ಗೆ.”

ಬಸುರಿಯ ಎಲೆಯನ್ನು ಅವರೇ ಎರಡು ಕೈಯಲ್ಲಿ ಎತ್ತಿ ನಡುಮನೆಗೆ ತಂದು ಹಾಸಿದರು. ಅಮ್ಮ ಆಗ ಅತ್ತರು. ಅದುವರೆಗೆ ಅಳದೆ ಹೇಗಿದ್ದರೋ ನಾನರಿಯೆ. ತಾವೇ ಹಿತ್ತಲ ಬಾಗಿಲಿನ ಅಗುಳಿಯನ್ನು ತೆಗೆದಿಟ್ಟು, ಏನೂ ಅರಿಯದವರಂತೆ ನಮ್ಮೊಡನೆ ಜಗಲಿಯಲ್ಲಿ ಕುಳಿತಿದ್ದ ಆ ಹೆಂಗಸಿನ ಎದೆಗಾರಿಕೆಯನ್ನು ನೆನೆದರೆ ಈಗಲೂ ದಿಗ್ಭ್ರಮೆಯಾಗುತ್ತದೆ. ಗಂಡನಿಗೆ ಕೇಳಿಸಬೇಕಾದರೆ ದೆವ್ವವೇ ಬರಬೇಕು ಎಂಬುದನ್ನು ಅವರು ನನ್ನ ಪಾಠದಿಂದ ಕಲಿತಿದ್ದರು.

ಮರುದಿನ ಬೆಳಗ್ಗೆ ಯಜಮಾನರು ನನ್ನ ಕೋಣೆಗೆ ಬಂದರು. ನಾನು ಪೆಟ್ಟಿಗೆಯನ್ನು ಕಟ್ಟಿಯೇ ಇಟ್ಟಿದ್ದೆ.

“ಕಾಗ್ದ ಬರ್ದೋರು ಯಾರೂಂತ ಗೊತ್ತು ಬುಡಿ. ಈ ಮನೇಲಿ ಅಕ್ಸರ ಬಲ್ಲೋರು ನೀವೊಬ್ರೇಯ” ಎಂದರು. ನಾನು ಕ್ಷಮೆ ಕೇಳಲು ತೊಡಗಿದೆ. ಅವರು ಕೈಯೆತ್ತಿ ತಡೆದರು. “ಇನ್ನೊಂದ ಬರೀರಿ. ಅವ್ಳ ಗಂಡನ್ಗೆ. ಬಾಣಂತನ ಇಲ್ಲೇಯ ಅಂತ. ಬರೋವಾಗ ತಂತಿ ತರೋಕ್ಯೇಳಿ.”

ತಂತಿ ಬಂದಿತು, ಅಳಿಯ ಬಂದ, ನಡುಮನೆಯಲ್ಲಿ ಒಂದು ಬಲ್ಬು ಉರಿಯಿತು. ಅದರ ಕೆಳಗೆ ಕುಳಿತು ಯಜಮಾನರು, ಕಣ್ಣಿಗೆ ಚುಚ್ಚುತ್ತದೆ, ಬುಡ್ಡಿಯೇ ವಾಸಿ ಎಂದು ಗೊಣಗುತ್ತಿದ್ದರು. ಆರಿಸಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಹೆಣ್ಣುಮಗು ಹುಟ್ಟಿತು, ಉಳಿಯಿತು. ಎಲೆ ನಿಂತದ್ದರಿಂದಲೇ ಉಳಿಯಿತೆಂದು ಅಮ್ಮ ಹೇಳುತ್ತಿದ್ದರು. ವಿದ್ಯಾವಂತನಾಗಿ ಅದನ್ನು ನಾನು ಒಪ್ಪುವಂತಿಲ್ಲ. ಆದರೆ ಅಮ್ಮನ ಮುಂದೆ ಒಮ್ಮೆಯೂ ಅಲ್ಲಗಳೆಯಲಿಲ್ಲ. ಇನ್ಸ್‌ಪೆಕ್ಟರು ಬಂದರು, ಹೋದರು. ಅವರು ಕೇಳಿದ್ದು ಬೇರೆ ಪಾಠವನ್ನು.

ನನಗೆ ಮಳವಳ್ಳಿಗೆ ವರ್ಗವಾಯಿತು. ದೇಶ ಸ್ವತಂತ್ರವಾದ ವರ್ಷದ ಬೇಸಿಗೆಯಲ್ಲಿ ಯಜಮಾನರು ತೀರಿಕೊಂಡರು. ಆಲೆಮನೆಯಲ್ಲಿ, ಮಣೆಯ ಮೇಲೆ ಕುಳಿತಿದ್ದಂತೆಯೇ. ಇಳಿಸಿ ಎನ್ನುವುದನ್ನೇ ಕಾಯುತ್ತಿದ್ದ ಆಳುಗಳು, ಪಾಕ ಕಪ್ಪಾಗುವವರೆಗೂ ಗಮನಿಸಲಿಲ್ಲವಂತೆ… ಸುದ್ದಿ ನನಗೆ ತಲುಪಿದಾಗ ಎಲ್ಲವೂ ಮುಗಿದಿತ್ತು.

ಆ ವರ್ಷದ ಮಾಲಯ ಅಮಾವಾಸ್ಯೆಗೆ ಬಸ್ಸು ಹಿಡಿದು ಮದ್ದೂರಿಗೆ ಹೋದೆ. ಮತ್ತೆ ಐದು ಎಲೆಗಳು. ಐದನೆಯದರ ಮುಂದೆ ಪಂಚೆ, ಟವೆಲು, ಮೆದುಬೆಲ್ಲದ ಉಂಡೆ. ಗಟ್ಟಿ ಬೆಲ್ಲ ಮಾಡಿ ಮಾರಿದ ಮನುಷ್ಯನಿಗೂ ಮೆದುವೇ ಇಷ್ಟವಿತ್ತೆಂದು ಆ ದಿನ ಗೊತ್ತಾಯಿತು. ಜಗಲಿಯಲ್ಲಿ ಕುಳಿತೆವು. ಅಳಿಯನ ತೊಡೆಯ ಮೇಲೆ ಮಗು. ಒಳಗೆ ಯಾವ ಸದ್ದೂ ಆಗಲಿಲ್ಲ. ಆದರೂ ನಾವೆಲ್ಲರೂ ಕಿವಿಗೊಟ್ಟೇ ಇದ್ದೆವು. ಕೆಮ್ಮುವ ಹಿರಿಯರಿರಲಿಲ್ಲ, ಅಮ್ಮನೇ ಕೆಮ್ಮಿದರು. ಮಗಳು ಬಾಗಿಲು ತೆರೆದು ನೇರವಾಗಿ ಹೋಗಿ ಐದನೆಯ ಎಲೆಯ ಮುಂದೆ ಕುಳಿತಳು. ಅಂಗೈಯಲ್ಲಿ ಕಲ್ಲುಪ್ಪಿತ್ತು.

“ಉಪ್ಪು ಸರಿಯಾಗದಾ ಅಪ್ಪ?” ಎಂದಳು.

ಕಾದಳು. ಹೊಗೆ ಮಾಡಿನ ಸಂದಿಯಿಂದ ಹೊರಹೋಗುವವರೆಗೂ ಉತ್ತರಕ್ಕೆ ಕಾದಳು. ಎಲೆಯ ಮೇಲಿನ ಅನ್ನ ಬಡಿಸಿದ ಹಾಗೆಯೇ ಇತ್ತು. ಅಂಗೈಯ ಉಪ್ಪು ಬೆವರಿಗೆ ಒದ್ದೆಯಾಗಿ ಅವಳ ಮಣಿಕಟ್ಟಿಗೆ ಇಳಿಯಿತು.

ಅಮ್ಮನೂ ಈಗ ಇಲ್ಲ. ಆ ಮನೆ ಇದ್ದ ಜಾಗದಲ್ಲಿ ಏನಿದೆಯೋ ನೋಡಲು ನಾನು ಹೋಗಿಲ್ಲ.

ಬಟ್ಟೆ ಅಂಗಡಿಯಿಂದ ಬಂದ ಸಂಜೆ ಹೆಂಡತಿ ಬಡಿಸಿ, ಎಂದಿನಂತೆ ಉಪ್ಪು ನೋಡಿ ಎಂದಳು. ಸರಿಯಾಗಿದೆ ಎಂದೆ. ಇನ್ನೂ ಬಾಯಿಗೇ ಇಟ್ಟಿಲ್ಲವಲ್ಲ ಎಂದು ನಕ್ಕಳು. ಅವಳು ಕೇಳಿದ ಕೂಡಲೇ ಉತ್ತರಿಸುವುದು ನನಗೆ ಎಷ್ಟು ವರ್ಷಗಳ ಅಭ್ಯಾಸವೆಂದು ಅವಳಿಗೆ ಗೊತ್ತು, ಏಕೆಂಬುದು ಗೊತ್ತಿಲ್ಲ. ತುತ್ತನ್ನು ಬಾಯಿಗಿಟ್ಟೆ. ಸ್ವಲ್ಪ ಕಡಿಮೆಯಾಗಿತ್ತು. ಹಾಗೆಂದು ಹೇಳಿದೆ. ಅವಳು ಉಪ್ಪು ತರಲು ಎದ್ದಳು.